ಮೌಂಟಿನ ಕೆಳಗಿನ ದಡ

ಜುಲೈ ೧೧, ಶುಕ್ರವಾರ
ವಿದ್ಯಾರ್ಥಿ ನಿಲಯ, ಎರಡನೇ ಮಹಡಿ, ಸಂಜೆ ಐದು ಗಂಟೆ

ಅಂಗಡಿಗೂ ಮನೆಗೂ ಯಜಮಾನರಾದ ನಿಮಗೆ,

ನಮಸ್ಕಾರ. ನೀವು ನನ್ನ ಹೆಸರಿನಲ್ಲಿ ಬರೆದು ಕಳಿಸಿದ ಕ್ಷಮಾಪಣೆಯನ್ನು ಇವತ್ತು ಬೆಳಿಗ್ಗೆ ಹತ್ತೂವರೆಗೆ ನಾನು ಹಿಂತೆಗೆದುಕೊಂಡೆ. ಅಂಥದೊಂದು ಕ್ಷಮಾಪಣೆ ಬಂದಿದೆ ಎಂದು ನನಗೆ ತಿಳಿಸಿದವರು ಇಲ್ಲಿನ ಕಚೇರಿಯ ಗುಮಾಸ್ತೆ. "ನಿಮ್ಮ ಮೇಲ್ ಬಂತು, ಎಷ್ಟು ವಿನಯವಾಗಿ ಬರೆದಿದ್ದೀರಿ!" ಎಂದು ಎದ್ದು ಬಂದು ಕೈ ಕುಲುಕಿದರು. ಯಾವ ಮೇಲ್ ಎಂದೆ. ಪ್ರಿಂಟ್ ತೆಗೆದು ಮುಂದಿಟ್ಟರು. "ನನ್ನಂಥ ಅಲ್ಪ ತಿಳಿವಳಿಕೆಯವಳು" ಎಂಬಲ್ಲಿಗೆ ಬರುವಷ್ಟರಲ್ಲೇ ಬರೆದ ಕೈ ಯಾವುದೆಂದು ಗೊತ್ತಾಯಿತು. ಕರೆಂಟ್ ಆಫೀಸಿಗೆ ಅರ್ಜಿ ಬರೆಯುವಾಗಲೂ ನಿಮ್ಮದು ಇದೇ ಧಾಟಿ.

ಇದು ನನ್ನದಲ್ಲ ಎಂದೆ. ಮತ್ತೆ ಯಾರದು ಎಂದರು. ನಮ್ಮ ಯಜಮಾನರದು ಎಂದೆ. ಆಕೆ ಪಟ್ಟಿ ತಿರುವಿ ನೋಡಿ, "ಅವರೂ ಕೋರ್ಸಿಗೆ ಸೇರಿದ್ದಾರಾ?" ಎಂದು ಕೇಳಿದರು. "ಇಲ್ಲ, ಸೇರಿರೋದು ನಾನೊಬ್ಬಳೇ" ಎಂದೆ.

ಮೇಲ್‌ನ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಕೋಪ ಬಂದಿದೆಯೇ ಎಂದು ಕೇಳಬೇಡಿ. ಬಂದಿದೆ.

ಮಗಳಿಂದ ನಿಮಗೆ ಅರ್ಧ ಸುದ್ದಿ ಸಿಕ್ಕಿದೆ, ಫೋನಿನಲ್ಲಿ ಉಳಿದರ್ಧ ಹೇಳಲು ನೀವು ಬಿಡಲಿಲ್ಲ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಜುಲೈಯೇ ಬೇಸಿಗೆಯಾದ ಈ ದೇಶದಲ್ಲಿ, ಕಲೆ ಮತ್ತು ಸಂಸ್ಕೃತಿಯ ಈ ಬೇಸಿಗೆ ಕೋರ್ಸಿನಲ್ಲಿ ನಾವು ಹದಿನೇಳು ಜನ. ಹದಿನಾರು ಜನಕ್ಕೆ ಇಪ್ಪತ್ತೈದು ದಾಟಿಲ್ಲ. ಹದಿನೇಳನೆಯವಳು ನಾನು, ನಲವತ್ತೊಂಬತ್ತು. ಮೊದಲ ದಿನ ನನ್ನ ಕೋಣೆಯ ಹುಡುಗಿ ಬಾಗಿಲು ತೆರೆದು, ಮಗಳನ್ನು ಬಿಡಲು ಬಂದಿರಾ ಎಂದು ಕೇಳಿದಳು. ಇಲ್ಲಮ್ಮ, ಮಗಳೇ ನನ್ನನ್ನು ಇಲ್ಲಿಗೆ ಕಳಿಸಿದ್ದು ಎಂದೆ. ಅವತ್ತಿನಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ಬಾಯಿ ಮುಚ್ಚದವಳು, ಅವಳಿಗೆ ಗಿಣಿ ಎಂದು ಹೆಸರಿಟ್ಟಿದ್ದೇನೆ. ಅವಳಿಗೆ ಅರ್ಥವೂ ಹೇಳಿದ್ದೇನೆ, ಖುಷಿಪಟ್ಟಳು.

ಬೆಳಿಗ್ಗೆ ಪಾಠ, ಮಧ್ಯಾಹ್ನ ಚಿತ್ರ ನೋಡುವುದು. ಮಂಗಳವಾರ ನಮ್ಮನ್ನು ಪಕ್ಕದ ಬೀದಿಯ ಸಂಗ್ರಹಾಲಯಕ್ಕೆ ಕರೆದೊಯ್ದರು. ಮೂರನೇ ಕೋಣೆಯಲ್ಲಿ ಒಂದು ನದಿಯ ಚಿತ್ರವಿದೆ, ಕಾಗದದ ಮೇಲೆ ನೀರುಬಣ್ಣ, ನಮ್ಮ ಅಂಗಡಿಯ ಕ್ಯಾಲೆಂಡರ್ ಎರಡು ಸೇರಿಸಿದಷ್ಟು ಅಗಲ. ಆಚೆ ದಡದಲ್ಲಿ ಮರಗಳು, ಎರಡು ದೋಣಿ, ಈಚೆಗೆ ಬರೀ ನೀರು. ಈಚೆ ದಡವೇ ಇಲ್ಲ. ಪ್ರೊಫೆಸರ್ ಹದಿನೆಂಟು ಬೇಸಿಗೆಯಿಂದ ಅದೊಂದೇ ಚಿತ್ರದ ಮುಂದೆ ನಲವತ್ತು ನಿಮಿಷ ಪಾಠ ಮಾಡುತ್ತಾರಂತೆ. ಅದರ ಮೇಲೆ ಪುಸ್ತಕವನ್ನೂ ಬರೆದಿದ್ದಾರೆ. ಈಚೆ ದಡವನ್ನು ಬಿಟ್ಟದ್ದು ಕಲಾವಿದನ ಧೈರ್ಯ, ನೋಡುವವರನ್ನು ಆತ ನೀರಿನ ನಡುವೆ ನಿಲ್ಲಿಸಿದ್ದಾನೆ ಎಂಬುದು ಅವರ ವಾದ. ಹುಡುಗರು ಬರೆದುಕೊಳ್ಳುತ್ತಿದ್ದರು. ನಾನೂ ಬರೆದುಕೊಳ್ಳುತ್ತಿದ್ದೆ. ಆಮೇಲೆ ಪೆನ್ನು ನಿಂತಿತು.

ಚಿತ್ರಗಳಿಗೆ ಕಟ್ಟು ಹಾಕುವ ನನ್ನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತು. ಚಿತ್ರಕ್ಕಲ್ಲ, ಅದರ ಸುತ್ತಲಿನ ರಟ್ಟಿಗೆ, ಮೌಂಟಿಗೆ. ಚಿತ್ರ ಕಾಣಲೆಂದು ರಟ್ಟಿನ ನಡುವೆ ಕೊಯ್ದ ಕಿಟಕಿಯ ಓರೆ ಅಂಚು ಮೂರು ಕಡೆ ಒಂದು ಥರ ಇತ್ತು, ಮೇಲುಗಡೆ ಇನ್ನೊಂದು ಥರ. ಮೇಲಿನ ಎರಡು ಮೂಲೆಯಲ್ಲೂ ಅಲಗು ದಾಟಿ ಹೋದ ಗೆರೆ. ಬೇರೆ ಯಾವುದೋ ಚಿಕ್ಕ ಚಿತ್ರಕ್ಕೆ ಕತ್ತರಿಸಿದ್ದ ಮೌಂಟನ್ನು ಯಾರೋ ಮೇಲುಗಡೆ ಮಾತ್ರ ದೊಡ್ಡದು ಮಾಡಿ, ಕೆಳಗೆ ಹಾಗೇ ಬಿಟ್ಟು, ಇದರ ಮೇಲೆ ಕೂರಿಸಿದ್ದಾರೆ. ಕೆಳಗೆ ಎಡಮೂಲೆಯಲ್ಲಿ ರಟ್ಟು ಒಂದಿಷ್ಟು ಸೊಟ್ಟಗಾಗಿ ಗಾಜಿನತ್ತ ಎದ್ದಿದೆ. ಬಗ್ಗಿ ನೋಡಿದೆ. ನೀರಿನ ನೀಲಿಯ ಕೆಳಗೆ ಎಳೆಯಷ್ಟು ಹಸಿರು ಕಂಡಿತು.

ಕೈ ಎತ್ತಿದೆ. ಸರ್, ಈಚೆ ದಡ ಇದೆ, ಮೌಂಟಿನ ಕೆಳಗೆ ಸಿಕ್ಕಿಕೊಂಡಿದೆ ಎಂದೆ. ಅವರು ನಕ್ಕರು. ಮೌಂಟ್ ಎಂದರೆ ಚಿತ್ರದ ಮೇಲೆ ಕೂರಿಸುವ ದಪ್ಪ ರಟ್ಟು, ನಡುವಿನ ಕಿಟಕಿ ಚಿಕ್ಕದಾದರೆ ಚಿತ್ರ ಅಷ್ಟು ಮುಚ್ಚಿಹೋಗುತ್ತದೆ ಎಂದು ಹುಡುಗರಿಗೆ ವಿವರಿಸಿದೆ. ಆಗ ಅವರು, ಹಾಗಾದರೆ ಈ ಧೈರ್ಯಕ್ಕೆ ನೀವು ಏನು ಹೇಳುತ್ತೀರಿ ಎಂದು ಕೇಳಿದರು. ಅವರ ದನಿಯಲ್ಲಿ ವ್ಯಂಗ್ಯವಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಇದು ಬರೆದವನ ಧೈರ್ಯ ಅಲ್ಲ ಸರ್, ಕಟ್ಟು ಹಾಕಿದವನ ಸೋಮಾರಿತನ."

ಗಿಣಿ ಗಟ್ಟಿಯಾಗಿ ನಕ್ಕಳು. ಅವಳ ಹಿಂದೆ ಎಲ್ಲರೂ. ಅಷ್ಟಕ್ಕೇ ಇಷ್ಟು ದೊಡ್ಡದಾದದ್ದು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಅವರು ಕೇಳಿದ್ದಕ್ಕೆ, ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವ ಕೆಲಸ ಎಂದೆ.

ಬುಧವಾರ ಕೋರ್ಸಿನ ನಿರ್ದೇಶಕಿಯ ಪತ್ರ ಬಂತು. ತರಗತಿಯಲ್ಲಿ ಅಧ್ಯಾಪಕರಿಗೆ ಅಗೌರವ ತೋರಿದ್ದಕ್ಕೆ ಶುಕ್ರವಾರದೊಳಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು, ಇಲ್ಲವಾದರೆ ಸರ್ಟಿಫಿಕೇಟ್ ಇಲ್ಲ. ಅವತ್ತೇ ನಿಮಗೆ ಫೋನ್ ಮಾಡಿದೆ. "ಒಂದು ಸಾರಿ ಅಂದ್ಬಿಟ್ರೆ ನಾಲಿಗೆ ಸವೆಯುತ್ತೇನೇ? ಸರ್ಟಿಫಿಕೇಟ್ ಇಲ್ದೆ ಬಂದ್ರೆ ನಾಲ್ಕು ಜನಕ್ಕೆ ನಾನೇನು ಹೇಳ್ಲಿ? ಬೋರ್ಡ್ ಬರೆಸಿ ಆಗಿದೆ" ಎಂದಿರಿ. ಬೋರ್ಡಿನ ವಿಷಯ ನನಗೆ ಗೊತ್ತಾದದ್ದೇ ಆಗ. ವಿದೇಶದಲ್ಲಿ ತರಬೇತಿ ಪಡೆದವರಿಂದ ಕಟ್ಟು ಹಾಕಿಕೊಡಲಾಗುವುದು ಎಂದು ಬರೆಸಿದ್ದೀರಂತೆ. ಅದರಲ್ಲಿ ನನ್ನ ಹೆಸರಿದೆಯೇ ಎಂದು ಕೇಳಿದೆ. "ಅಂಗಡಿ ಹೆಸರಿದೆ ಅಂದ್ರೆ ನೀನೂ ಇದ್ದ ಹಾಗೇ ಅಲ್ವೇನೇ" ಎಂದಿರಿ. ಅಂದರೆ ಇಲ್ಲ.

ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ನಾನು ಯೋಚಿಸುತ್ತಿರುವಾಗಲೇ ನೀವು ಬರೆದು ಕಳಿಸಿಬಿಟ್ಟಿರಿ.

ಇನ್ನು ಇವತ್ತಿನದು. ಕ್ಷಮಾಪಣೆ ವಾಪಸು ಪಡೆದ ಮೇಲೆ ಸುಮ್ಮನೆ ಕೋಣೆಗೆ ಬರಲಿಲ್ಲ. ಸಂಗ್ರಹಾಲಯಕ್ಕೆ ಹೋಗಿ, ಚಿತ್ರಗಳನ್ನು ನೋಡಿಕೊಳ್ಳುವ ಹೆಂಗಸನ್ನು ಕಂಡೆ. ಕೈಯಲ್ಲಿ ಹತ್ತಿಯ ಗವಸು, ಕಿವಿಯ ಮೇಲೆ ಪೆನ್ಸಿಲ್. ನೋಡಿದ ಕೂಡಲೇ ನಮ್ಮ ಪೈಕಿ ಎನ್ನಿಸಿತು. ಆಕೆ ದಾಖಲೆ ಪುಸ್ತಕ ತೆಗೆದು ನೋಡಿದರು. ಆ ಚಿತ್ರವನ್ನು ಬಿಚ್ಚಿದ ದಾಖಲೆ ಅರವತ್ತು ವರ್ಷದಿಂದ ಇಲ್ಲ. ಲೆನ್ಸ್ ಹಿಡಿದು ಮೇಲಿನ ಮೂಲೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಫಾರಂ ಕೊಟ್ಟರು. ಚಿತ್ರವನ್ನು ಬಿಚ್ಚಿ ಪರೀಕ್ಷಿಸಲು ಕೋರಿಕೆ. ಅದರಲ್ಲಿ ವೃತ್ತಿ ಎಂಬ ಜಾಗವಿತ್ತು. ಕೋರ್ಸಿನ ಅರ್ಜಿಯಲ್ಲಿ ನೀವು ಅಲ್ಲಿ ಗೃಹಿಣಿ ಎಂದು ತುಂಬಿದ್ದಿರಿ. ನಾನು ಇಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವವಳು, ಇಪ್ಪತ್ತಾರು ವರ್ಷ ಎಂದು ಬರೆದೆ.

ಸಂಗ್ರಹಾಲಯದವರು ಒಪ್ಪಿದರು. ಕೋರ್ಸಿನ ನಿರ್ದೇಶಕಿಯೂ ಒಪ್ಪಿದರು, ಒಂದು ಷರತ್ತು ಹಾಕಿ. ಮೌಂಟಿನ ಕೆಳಗೆ ದಡ ಇಲ್ಲದಿದ್ದರೆ ನಾನು ಎಲ್ಲರ ಮುಂದೆ ಕ್ಷಮೆ ಕೇಳಬೇಕು, ಸರ್ಟಿಫಿಕೇಟನ್ನೂ ಬಿಡಬೇಕು. ಸಹಿ ಹಾಕಿದೆ. ಪ್ರೊಫೆಸರ್ ಕೂಡ ಹಾಕಿದರು. ಅವರು ಕೆಟ್ಟವರಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಊಟದ ಹೊತ್ತಿಗೆ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದು ಕೂತರು. "ಹದಿನೆಂಟು ವರ್ಷದಿಂದ ಆ ನೀರಲ್ಲಿ ನಿಂತಿದ್ದೀನಿ, ನೀವು ಎರಡು ನಿಮಿಷದಲ್ಲಿ ದಡ ಹತ್ತು ಅಂತೀರಲ್ಲ" ಎಂದರು. "ಹತ್ತೋದು ಬಿಡೋದು ನಿಮ್ಮಿಷ್ಟ ಸರ್, ದಡ ಮಾತ್ರ ಅಲ್ಲೇ ಇದೆ" ಎಂದೆ. ಅವರಿಗೂ ನಗು ಬಂತು, ತಡೆದುಕೊಂಡರು. ನನಗೆ ಅವರನ್ನು ಸೋಲಿಸಬೇಕಾಗಿಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎಂದು ಬರೆದುಕೊಡಲಾರೆ.

ನಾನು ಕಂಡ ಹಸಿರು ಹಳೆಯ ಅಂಟಿನ ಕಲೆಯೂ ಇರಬಹುದು. ಅಂಟು ಮುದಿಯಾದರೆ ಹಸಿರಾಗುವುದನ್ನು ನಾವಿಬ್ಬರೂ ನೋಡಿದ್ದೇವೆ. ಹಾಗಿದ್ದರೆ ನನ್ನ ಮಾತು ಸುಳ್ಳು. ಆಗ ಎದ್ದು ನಿಂತು ನಾನೇ ಕ್ಷಮೆ ಕೇಳುತ್ತೇನೆ. ನನ್ನ ಬಾಯಿಂದ, ನನ್ನ ಮಾತಿನಲ್ಲಿ, ಅಲ್ಪ ತಿಳಿವಳಿಕೆಯವಳು ಎಂಬ ಪದ ಸೇರಿಸದೆ. ಸರ್ಟಿಫಿಕೇಟ್ ಇಲ್ಲದೆಯೇ ಬರುತ್ತೇನೆ. ಬೋರ್ಡು ಮೇಲೇರಿಸಿದ್ದರೆ ಇಳಿಸಿ. ಸರ್ಟಿಫಿಕೇಟ್ ಬಂದರೂ ಇಳಿಸಿ, ನನ್ನ ಹೆಸರು ಬರೆಸಿ ಆಮೇಲೆ ಏರಿಸಿ.

ಚಿತ್ರ ಬಿಚ್ಚುವುದು ಸೋಮವಾರ, ಜುಲೈ ಹದಿನಾಲ್ಕು, ಬೆಳಿಗ್ಗೆ ಹತ್ತಕ್ಕೆ. ಈ ಕಾಗದ ನಿಮ್ಮ ಕೈ ಸೇರುವಾಗ ಅದೆಲ್ಲ ಮುಗಿದಿರುತ್ತದೆ. ಫೋನ್ ಬಿಟ್ಟು ಅಂಚೆ ಹಿಡಿದದ್ದು ಅದಕ್ಕೇ. ನೀವು ನನ್ನ ಪರವಾಗಿ ಮತ್ತೇನಾದರೂ ಮಾಡಲು ಹೊರಡುವುದು ನನಗೆ ಬೇಡ.

ಬಿಪಿ ಮಾತ್ರೆ ಅಡುಗೆಮನೆಯ ಕಪಾಟಿನಲ್ಲಿದೆ, ಟಿವಿ ಹತ್ತಿರ ಹುಡುಕಬೇಡಿ. ಗಾಜು ಕೊಯ್ಯುವಾಗ ಕನ್ನಡಕ ಹಾಕಿಕೊಳ್ಳಿ, ನಾನು ಇಲ್ಲದಿದ್ದರೆ ಹಾಕಿಕೊಳ್ಳುವುದಿಲ್ಲ ಎಂದು ಗೊತ್ತು. ನಿಮ್ಮ ಕೈಯ ಕೆಲಸಕ್ಕೆ ಇಲ್ಲಿಯೂ ಸಮ ಬರುವವರು ಕಡಿಮೆ. ಇದನ್ನು ಕೋಪದ ನಡುವೆಯೂ ಬರೆಯುತ್ತಿದ್ದೇನೆ, ನಿಜವಾದ್ದರಿಂದ.

ಇಂತಿ,
ನಿಮ್ಮ ಹೆಂಡತಿ
(ಈ ಸಲ ಸಹಿ ನಾನೇ ಹಾಕಿದ್ದು)

ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದದ್ದು: ಹೇಗೆ ಗೊತ್ತು ಎಂದು ಪ್ರೊಫೆಸರ್ ಕೇಳಿದಾಗ ನಾನು ಕೊಟ್ಟ ಉತ್ತರ ಪೂರ್ತಿ ನಿಜವಲ್ಲ. ನಾನೇ ಒಮ್ಮೆ ಹೀಗೆ ಮಾಡಿದ್ದೇನೆ, ಅದಕ್ಕೇ ಗೊತ್ತಾಯಿತು. ಹನ್ನೊಂದು ವರ್ಷದ ಹಿಂದೆ ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು, ತೀರಿಕೊಂಡ ತಂಗಿ ಬರೆದದ್ದು ಎಂದು ಒಂದು ಹೂದಾನಿಯ ಚಿತ್ರ ತಂದಿದ್ದರು. ಅಳತೆ ತಪ್ಪಿ ಒಳ್ಳೆಯ ರಟ್ಟನ್ನು ಹಾಳು ಮಾಡಿದೆ. ನೀವು ಬೈಯುತ್ತೀರಿ ಎಂದು ಹೆದರಿ, ಮೂಲೆಯಲ್ಲಿದ್ದ ಹಳೆಯ ಮೌಂಟನ್ನೇ ಮೇಲುಗಡೆ ಕೊಯ್ದು ಕೂರಿಸಿದೆ. ಕೆಳಗಿನ ಎರಡು ಬೆರಳಗಲ ಮುಚ್ಚಿಹೋಯಿತು. ಆ ಹುಡುಗಿ ತನ್ನ ಹೆಸರು ಬರೆದದ್ದು ಅಲ್ಲಿ. ಮೇಷ್ಟ್ರು ಬಹಳ ಹೊತ್ತು ನೋಡಿ, ಚೆನ್ನಾಗಿದೆಯಮ್ಮ ಎಂದು ಹೇಳಿ ತೆಗೆದುಕೊಂಡು ಹೋದರು. ತಂಗಿಯ ಹೆಸರು ಎಲ್ಲಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಸೋಮಾರಿತನ ಎಂದು ತರಗತಿಯಲ್ಲಿ ಅಂದದ್ದು ತಪ್ಪು, ಅದು ಹೆದರಿಕೆ. ಮೇಷ್ಟ್ರಿಗೆ ಎಲ್ಲವನ್ನೂ ಬರೆದು, ಕ್ಷಮೆ ಕೇಳಿ, ಇದೇ ಅಂಚೆಗೆ ಹಾಕುತ್ತಿದ್ದೇನೆ. ಕೋರ್ಸು ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ. ಇಪ್ಪತ್ತಾರು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರ ತರಲು ಅವರಿಗೆ ಹೇಳಿದ್ದೇನೆ. ಅಂಗಡಿಯ ಮುಂದಿನ ಮೇಜಿನ ಮೇಲೆ, ಅವರ ಎದುರಿಗೇ ಬಿಚ್ಚುತ್ತೇನೆ.