ತೂಕ ಸರಿಯಿದೆ, ಗುಂಡು ನಮ್ಮದಲ್ಲ

ಚಿನ್ನ ಕಾಯುವ ಮ್ಯಾನೇಜರ್ ಸಾಹೇಬರೇ,

ನನ್ನ ತಾಯಿ ಸಣ್ಣಮ್ಮ ಹೊನ್ನಾವರದ ನಿಮ್ಮ ಬ್ಯಾಂಕ್ ಶಾಖೆಯಲ್ಲಿಟ್ಟ ಚಿನ್ನದ ಗುಂಡಿನ ಸರವನ್ನು ನೀವು ಕುಮಟೆಯ ಭದ್ರತಾ ಕೊಠಡಿಗೆ ಸಾಗಿಸಿ, ಮರಳಿಸುವಾಗ ಯಾರದೋ ಗುಂಡುಗಳನ್ನು ಕೊಟ್ಟಿದ್ದೀರಿ. ನಿಮ್ಮ ಲಿಖಿತ ಉತ್ತರ: "ತೂಕ ಸರಿಯಿದೆ." ಆಹಾ! ಹೆರಿಗೆ ಆಸ್ಪತ್ರೆಯಲ್ಲಿ ಬೇರೆಯವರ ಕೂಸು ಕೊಟ್ಟಿದ್ದರೂ ತೂಕ ನೋಡಿಕೊಂಡು ಮನೆಗೆ ಹೋಗುತ್ತಿದ್ದಿರೋ?

ಮಳೆಗಾಲದಲ್ಲಿ ತೆರೆ ನಮ್ಮ ಅಂಗಳಕ್ಕೇ ಬರುತ್ತದೆ. ಹಾಗಾಗಿ ದಂಡೆಯ ಹೆಂಗಸರು ಚಿನ್ನವನ್ನು ನಿಮ್ಮಲ್ಲಿಡುತ್ತಾರೆ. ಅಪ್ಪ ಮಾಸ್ತಿ, ಒಳ್ಳೆಯ ಮೀನು ಬಿದ್ದ ವರ್ಷಕ್ಕೊಂದು ಗುಂಡು ತಂದು, ಬಲೆಯ ದಾರದಲ್ಲಿ ಪೋಣಿಸಿ ತಾನೇ ಗಂಟು ಹಾಕುತ್ತಿದ್ದ. ಹದಿನೇಳು ಗುಂಡಾದ ಮೇಲೆ ಅವನು ಕಡಲಿನಿಂದ ಬರಲಿಲ್ಲ. ಓದು ಬಾರದ ಅವ್ವಿಗೆ ಆ ಗಂಟೇ ಗುರುತು. ಚೀಟಿಯಲ್ಲಿ ಬರೀ ತೂಕ ಬರೆದರೂ ಸುಮ್ಮನಿದ್ದಳು. ನಿಮ್ಮವರು ನಿವ್ವಳ ತೂಕಕ್ಕೆಂದು ದಾರ ಕತ್ತರಿಸಿ ಕಸಕ್ಕೆಸೆದರು. ಆರು ಹೆಂಗಸರ ಗುಂಡುಗಳನ್ನು ಒಂದೇ ಡಬ್ಬಿಗೆ ಸುರಿದು ಒಯ್ದರು. ಕುಮಟೆಯಲ್ಲಿ ರೇಷನ್ ಅಕ್ಕಿಯಂತೆ ತೂಗಿ ಪಾಲು ಮಾಡಿದರು.

ಅವ್ವಿ ನಿಮ್ಮೆದುರು ಒಂದೊಂದೇ ಮುಟ್ಟಿ ನೋಡಿದಳು. "ಇದು ನಂದಲ್ಲ ಒಡೆಯಾ. ನನ್ನದ್ರಲ್ಲಿ ಒಂದು ಚಪ್ಪಟೆ ಇತ್ತು. ಈ ಮಗಳು ಸುಷ್ಮಾ ಹಲ್ಲು ಬರೂವಾಗ ಕಚ್ಚಿದ್ದು."

"ಅದಕ್ಕೆ ಎಂತ ಆತು? ಇದು ಚಪ್ಪಟೆ ಇಲ್ಲ, ಒಳ್ಳೇದೇ ಆತಲ್ಲ!" ಎಂದು ನಕ್ಕು ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಉಳಿದ ಐವರನ್ನೂ ಹುಡುಕಿದೆ. ದುರ್ಗಿ, ಸೋಮಿ, ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು ತಮ್ಮತಮ್ಮ ಗುಂಡು ಗುರುತಿಸಿ ಬದಲಾಯಿಸಿಕೊಂಡರು. ಅವ್ವಿಗೆ ಹದಿನಾರು ಸಿಕ್ಕವು. ಚಪ್ಪಟೆಯದು ಯಾರಲ್ಲೂ ಇಲ್ಲ. ಬದಲಿಗೆ ಯಾರೂ ತಮ್ಮದೆನ್ನದ ಹೊಚ್ಚಹೊಸ ಗುಂಡೊಂದು ಉಳಿಯಿತು. ಚಿನ್ನ ನಿಮ್ಮ ಕೊಠಡಿಯಲ್ಲಿ ಮರಿ ಹಾಕುತ್ತದೆಯೇ?

ದೂರು ಕೊಟ್ಟಿದ್ದೇನೆ, ನಿಮ್ಮ ಕಚೇರಿಯಲ್ಲಿ ಅದರ ಗತಿ ಏನೆಂದು ಬಲ್ಲೆ. ಅದಕ್ಕೇ ಭಟ್ಕಳದಿಂದ ಕುಮಟೆಯವರೆಗಿನ ಮೀನು ಮಾರುವ ಹೆಂಗಸರು ತೀರ್ಮಾನಿಸಿದ್ದೇವೆ: ನಿಮ್ಮ ಮನೆಗೆ ಇನ್ನೊಂದು ಬಂಗಡೆಯೂ ಇಲ್ಲ. ಮಗಳ ಮದುವೆಯ ಬೀಗರೂಟಕ್ಕೆ ಇಸ್ವಾಣ ಮೀನೇ ಬೇಕೆಂದು ದಲ್ಲಾಳಿ ಮಹಾಬಲನಿಗೆ ಹೇಳಿದ್ದೀರಂತೆ. ಬದನೆಕಾಯಿ ಬಡಿಸಿ.

ಸೋಮವಾರ ಹತ್ತು ಗಂಟೆಗೆ ಆರೂ ಹೆಂಗಸರ ಎದುರು ಕೊಠಡಿ ತೆರೆಯಿರಿ. ಅವ್ವಿಯ ಗುಂಡು ಅವಳ ಕೈಗೆ ಬರಬೇಕು. ಇಲ್ಲವೇ ಕಳೆದವರು ತಾವೇ ಎದ್ದು ನಿಂತು ಹೆಸರು ಹೇಳಿ ಅವಳ ಕಾಲು ಹಿಡಿಯಬೇಕು. ಹೊಸ ಗುಂಡು ಮಾರಿದ್ದು ತಾನೇ ಎಂದು ಅಕ್ಕಸಾಲಿ ಹರಿಹರ ಒಪ್ಪಿಕೊಂಡಿದ್ದಾನೆ. ಕೊಂಡವರ ಹೆಸರನ್ನೂ ಹೇಳಿದ್ದಾನೆ. ಸೋಮವಾರದವರೆಗೆ ಆ ಹೆಸರು ನನ್ನ ಬಾಯಲ್ಲಿರುತ್ತದೆ. ಆಮೇಲೆ ಮೀನು ಪೇಟೆಯಲ್ಲಿರುತ್ತದೆ.

ಇಂತಿ, ತಮ್ಮಲ್ಲಿ ವಿಶ್ವಾಸವಿಟ್ಟು ಕೆಟ್ಟ
ಸುಷ್ಮಾ ಮಾಸ್ತಿ,
ಮೀನು ಮಾರುಕಟ್ಟೆ, ಹೊನ್ನಾವರ