ಕಣ್ಣು ಬಿಡಿಸದ ಮುತ್ಯಾಲಮ್ಮ

ಶಿವಾರಪಟ್ಟಣ
೨೧ ನವೆಂಬರ್ ೨೦೨೪

ನಾಂದೇಡಿನ ದೇವಸ್ಥಾನದ ಕೆತ್ತನೆಗೆಂದು ಹೋಗಿ ಅಲ್ಲೇ ಬಿಡಾರ ಹೂಡಿರುವ ನಮ್ಮ ಯಜಮಾನರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ನನ್ನ ತುಟಿಗಳು ಒಂದಕ್ಕೊಂದು ಕೂಡುವುದಿಲ್ಲ, ಫೋನಿನಲ್ಲಿ ನನ್ನ ಮಾತು ನಿಮಗೆ ಅರ್ಥವಾಗುವುದಿಲ್ಲ. ವಿಡಿಯೋದಲ್ಲಿ ನೋಡಿದರೆ, "ಯಾಕೇ, ಮುಖ ಊದಿಸ್ಕೊಂಡಿದ್ದೀಯಾ?" ಎಂದಿರಿ. ಆಗ ನಾನು ನಗುತ್ತಿದ್ದೆ ಕಣ್ರೀ. ಅದಕ್ಕೇ ಆಮೇಲೆ ಫೋನು ಎತ್ತಲಿಲ್ಲ.

ಸೋಮವಾರ ಕೋಲಾರದ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಬಾಣಂತನದಲ್ಲಿ ಬಂದ ಜ್ವರವನ್ನು ಓಡಿಸಲು ಎದ್ದ ಮೈಯ ಶಕ್ತಿ, ಜ್ವರ ಹೋದ ಮೇಲೂ ಸುಮ್ಮನಾಗದೆ ನನ್ನ ನರಗಳ ಮೇಲೇ ತಿರುಗಿಬಿತ್ತಂತೆ. "ಕೈಕಾಲು ಸ್ವಾಧೀನಕ್ಕೆ ಬಂತಲ್ಲಮ್ಮ, ಮುಖದ ನರಾನೂ ಬರುತ್ತೆ. ಮುಖದ ಎರಡೂ ಕಡೆ ಸ್ವಾಧೀನ ಹೋಗಿದೆ, ಅದಕ್ಕೇ ನಿಧಾನ," ಎಂದರು. ಎಷ್ಟು ನಿಧಾನ ಎಂದು ಕೇಳಿದರೆ ಅವರೂ ನಿಮ್ಮ ಹಾಗೆಯೇ, "ನೋಡೋಣ" ಅಂದರು.

ಮಲಗುವಾಗ ಅತ್ತೆ ನನ್ನ ರೆಪ್ಪೆ ಎಳೆದು ಪಟ್ಟಿ ಅಂಟಿಸುತ್ತಾರೆ. "ಶೆಡ್ಡಲ್ಲಿರೋ ಆಯಮ್ಮನ್ಗೆ ಕಣ್ಣು ಬಿಡಿಸಿಲ್ಲ, ಈಯಮ್ಮನ್ಗೆ ಕಣ್ಣು ಮುಚ್ಚಕ್ಕಾಗಲ್ಲ. ಬರ್ಲಿ ನಮ್ಮ ಕದಿರೇಶ, ಇಬ್ರದೂ ಕೆಲ್ಸ ಬಾಕಿ ಐತೆ" ಎಂದು ತಮಾಷೆ ಮಾಡುತ್ತಾರೆ.

ಆಯಮ್ಮ ಎಂದರೆ ನೀವು ಕಣ್ಣೊಂದು ಕೆತ್ತದೆ ಬಿಟ್ಟುಹೋದ ಮುತ್ಯಾಲಮ್ಮ. ನನ್ನನ್ನು ಎದುರಿಗೆ ಕೂರಿಸಿ, "ಸ್ವಲ್ಪ ನಗೇ" ಎಂದು ಪೀಡಿಸಿ ತುಟಿ ಕೆತ್ತಿದಿರಲ್ಲ, ಅದೇ ವಿಗ್ರಹ. ಅದನ್ನು ಮಾಡಿಸಿದ ಮುಳಬಾಗಿಲಿನ ಕಡೆಯವರು ಟೆಂಪೋ ತಂದು, "ಕಣ್ಣು ನಮ್ಮೂರಾಗೇ ಬಿಡಿಸ್ಲಿ, ಕೊಡಮ್ಮ" ಎಂದರು. ಇನ್ನೂ ಕೆಲಸವಿದೆ ಎಂದು ಕೈಸನ್ನೆ ಮಾಡಿ ಸುಳ್ಳೇ ಹೇಳಿ ಕಳಿಸಿಬಿಟ್ಟೆ. ನಿಮಗೆ ಫೋನು ಮಾಡಿ ಕೂಗಾಡಿದರಂತೆ. ಬೈಯುವುದಿದ್ದರೆ ಬಂದು ಬೈಯಿರಿ. ನಿಮ್ಮ ಬೈಗುಳ ಕೇಳಿಯೂ ಎಷ್ಟೋ ದಿನವಾಯಿತು. ಪಕ್ಕದ ಮನೆಯಲ್ಲಿ ಉಳಿಯ ಸದ್ದಾದರೆ, ಅದು ನಿಮ್ಮ ಏಟಲ್ಲವೆಂದು ಗೊತ್ತಿದ್ದೂ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಮಗಳು ಚೆನ್ನಾಗಿದ್ದಾಳೆ, ಕತ್ತು ನಿಂತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಊರ ದೇವರು ನಿಮ್ಮ ಕೈಬೆರಳುಗಳನ್ನು ಕಾಯಲಿ.

ನಿಮ್ಮ
ಶ್ಯಾಮಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಮಗಳು ಈಗ ನಗುತ್ತಾಳೆ. ಅತ್ತೆಯನ್ನು ಕಂಡರೆ ನಗುತ್ತಾಳೆ, ಹಾಲಿನವಳನ್ನು ಕಂಡರೂ ನಗುತ್ತಾಳೆ. ನನ್ನ ಮುಖವನ್ನು ಮಾತ್ರ ಸುಮ್ಮನೆ ದಿಟ್ಟಿಸಿ, ಆಮೇಲೆ ಆಚೆ ತಿರುಗಿಬಿಡುತ್ತಾಳೆ. ಮೊನ್ನೆ ಎತ್ತಿಕೊಂಡು ಶೆಡ್ಡಿಗೆ ಹೋಗಿದ್ದೆ. ಮುತ್ಯಾಲಮ್ಮನನ್ನು ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. ಹೊಟ್ಟೆ ಉರಿದುಹೋಯಿತು ರೀ. ಆದರೂ ಈಗ ದಿನಾ ಕರೆದುಕೊಂಡು ಹೋಗಿ, ಆ ಕಲ್ಲಿನ ಕೆನ್ನೆಗೆ ನನ್ನ ಕೆನ್ನೆ ತಾಗಿಸಿ ನಿಲ್ಲುತ್ತೇನೆ. ನನ್ನ ನಗು ಬರುವವರೆಗೆ ಅದನ್ನು ಯಾರಿಗೂ ಕೊಡಬೇಡಿ.