ಒಂದೇ ಮೇಜು, ಒಂಬತ್ತೂವರೆ ಮುಹೂರ್ತ

ಸುಲ್ತಾನ್‌ಪೇಟೆ, ಬುಧವಾರ

ಅಕ್ಕಾ,

ಬೆಂಗಳೂರಿಗೆ ಬಂದು ಇಪ್ಪತ್ತೇಳು ದಿನವಾಯಿತು, ನಾನಿನ್ನೂ ಕಳೆದುಹೋಗಿಲ್ಲ. ಲಗ್ನಪತ್ರಿಕೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಸ್ಟಾರ್ಟಪ್; ಪತ್ರಿಕೆಯನ್ನು ಮೊಬೈಲಿಗೆ ಕಳಿಸುವ ಆ್ಯಪ್ ಮಾಡುತ್ತಾರೆ. ಕೋಡ್ ಬರೆಯುವವರಿಗೊಂದು ಕೋಣೆ, ಡಿಸೈನಿನವರಿಗೊಂದು ಕೋಣೆ, ಮಾರಾಟದವರು ಮೆಟ್ಟಿಲ ಮೇಲೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ, ಕೇಳೋಣವೆಂದರೆ ಯಾರಿಗೂ ಹೊತ್ತಿಲ್ಲ. ಇವರನ್ನೆಲ್ಲ ಒಂದು ತಂಡ ಮಾಡಲೆಂದೇ ನನ್ನನ್ನು ಒಂದು ತಿಂಗಳ ಪರೀಕ್ಷೆಗೆ ತೆಗೆದುಕೊಂಡಿದ್ದು. ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದೆ. ಮಾಲೀಕ ಮನೋಹರ್ ಮುಖ ಸಿಂಡರಿಸಿದರು. "ಸಂತೆ ಆಯ್ತಲ್ರೀ! ಸೋಮವಾರದಿಂದ ಹಳೇ ಜಾಗದಲ್ಲೇ ಕೂರಿಸ್ಬಿಡಿ. ನಿಮ್ ವಿಷ್ಯ ಆಮೇಲೆ ಮಾತಾಡೋಣ."

ಇವತ್ತು ಮೊದಲ ಗಿರಾಕಿಯ ಪತ್ರಿಕೆ ಎಂಟುನೂರು ಜನಕ್ಕೆ ಹೊರಡಬೇಕಿತ್ತು. ಕೆಳಗಿನ ಅಂಗಡಿಯಲ್ಲಿ ಅಚ್ಚಿಗೆ ಮುಂಚೆ ಪ್ರೂಫನ್ನು ಗಟ್ಟಿಯಾಗಿ ಓದುವ ರೂಢಿ. ಅಲ್ಲಿ ಮೂವತ್ತು ವರ್ಷ ಕೌಂಟರಿನಲ್ಲಿದ್ದು ಈಗ ನಮ್ಮ ಮಾರಾಟ ನೋಡಿಕೊಳ್ಳುವ ಏಕಾಂತಯ್ಯನವರು ಮೇಜಿನಲ್ಲಿ ಪಕ್ಕಕ್ಕೇ ಕೂತ ಶರಣ್ಯಳ ಕಂಪ್ಯೂಟರಿನಲ್ಲಿದ್ದ ಪತ್ರಿಕೆಯನ್ನೇ ಹಾಗೆ ಓದತೊಡಗಿದರು, ನಡುವೆ ನಿಲ್ಲಿಸಿದರು.

"ಏನಮ್ಮಾ ಶರಣ್ಯ, ಮುಹೂರ್ತ ಬೆಳಗಿನ ಜಾವ ನಾಲ್ಕಕ್ಕಾ? ಮದುವೆ ಗಂಡಾದ್ರೂ ಎದ್ದಿರ್ತಾನಾ?"

ಕೋಡ್ ಬರೆದವಳು ಅವಳೇ. "ಅಯ್ಯೋ ಅಂಕಲ್, ಅದು ಲಂಡನ್ನಿನ ಗ್ರೀನಿಚ್ ಟೈಮು! ನಮ್ದು ಐದೂವರೆ ಗಂಟೆ ಮುಂದೆ, ಒಂಬತ್ತೂವರೆ!" ಎಂದು ಅಲ್ಲೇ ತಿದ್ದಿದಳು.

ಮನೋಹರ್ ಬೆವರು ಒರೆಸಿಕೊಂಡರು. "ಮೇಜು ಅಲ್ಲೇ ಇರ್ಲಿ. ನೀವೂ ಇರಿ."

ಮಂಡಿನೋವು ಇಳಿದಿದೆ, ಹಸಿವು ಏರಿದೆ, ಚಟ್ನಿಪುಡಿ ಕಳಿಸು. ಕೆಲಸ ಖಾಯಂ ಆಯಿತು. ಹುದ್ದೆಯ ಹೆಸರು ಈ ಅಂಚೆ ಕಾರ್ಡಿಗಿಂತ ಉದ್ದವಿದೆ. ಭಾವ ಕೇಳಿದರೆ ಮೇಜು ಜೋಡಿಸುವ ಕೆಲಸ ಎನ್ನು.

ನಿನ್ನ ತಮ್ಮ,
ನಂದೀಶ